ದೊಡ್ಡಸ್ವಾಮಿ ಅಬ್ಬೆ ದುಬಾಯ್

1799ನೆಯ ಇಸವಿ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಇಂಗ್ಲಿಷರ ವಶವಾಯಿತು. ಟಿಪ್ಪುಸುಲ್ತಾನನು ರಣರಂಗದಲ್ಲಿ ಮಡಿದನು. ಯುದ್ಧವೇನೋ ಮುಗಿಯಿತು, ಆದರೆ ಯುದ್ಧದಿಂದ ನೆಲೆತಪ್ಪಿದವರ ಬವಣೆ ಮುಗಿಯಲಿಲ್ಲ. ಅಂಥವರಲ್ಲಿ ಕ್ರೈಸ್ತರೂ ಇದ್ದರು. ಕೆನರಾ ಕರಾವಳಿಯ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಆಪಾದನೆಯ ಮೇಲೆ, 1784ರಲ್ಲಿ ಅವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಗಿತ್ತು. ದಾರಿಯಲ್ಲಿಯೂ ಸೆರೆಯಲ್ಲಿಯೂ ಅನೇಕರು ಅಸುನೀಗಿದ್ದರು; ಅನೇಕರು ಬಲವಂತದಿಂದ ಮತವನ್ನು ತೊರೆದಿದ್ದರು. ಕೆಲವರು ತಪ್ಪಿಸಿಕೊಂಡು ಕೊಡಗನ್ನು ಸೇರಿದಾಗ, ದೊಡ್ಡವೀರರಾಜೇಂದ್ರನು ತಾನು ಕಟ್ಟಿಸಿದ ವಿರಾಜಪೇಟೆಯಲ್ಲಿ ಅವರಿಗೆ ಆಶ್ರಯವಿತ್ತನು. 1799ರ ಬಳಿಕ ಬದುಕಿ ಉಳಿದವರಲ್ಲಿ ಹಲವರು ಕರಾವಳಿಗೆ ಮರಳಿದರು. ಆದರೆ ಮೈಸೂರು ಸೀಮೆಯಲ್ಲಿಯೇ ಉಳಿದ ಬಡ ಕ್ರೈಸ್ತರಿಗೆ ದಿಕ್ಕಾಗುವವರು ಯಾರು?

ಈ ಹೊತ್ತಿನಲ್ಲಿ ಅಲ್ಲಿಗೆ ಬಂದವರು ಅಬ್ಬೆ ದುಬಾಯ್. ಫ್ರೆಂಚ್ ಭಾಷೆಯಲ್ಲಿ ‘ಅಬ್ಬೆ’ ಎಂಬುದು ಪಾದ್ರಿಗಳಿಗೆ ಸಲ್ಲುವ ಗೌರವಪದ. ನಮ್ಮ ಹಳೆಯ ಕನ್ನಡದಲ್ಲಿ ಅಬ್ಬೆಯೆಂದರೆ ತಾಯಿ. ಮುಂದೆ ಅವರು ಮಾಡಿದ ಕಾರ್ಯಕ್ಕೆ ಈ ಎರಡು ಅರ್ಥಗಳೂ ಒಪ್ಪುತ್ತವೆ.

ದುಬಾಯ್ ಅವರು 1760ರ ದಶಕದಲ್ಲಿ ದಕ್ಷಿಣ ಫ್ರಾನ್ಸಿನ ಆರ್ದೆಷ್ ಪ್ರಾಂತದಲ್ಲಿ ಜನಿಸಿದರು. 1792ರಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಭಾರತಕ್ಕೆ ಹೊರಟರು. ಆಗ ಫ್ರಾನ್ಸಿನಲ್ಲಿ ಕ್ರಾಂತಿಯ ಜ್ವಾಲೆ ಹಬ್ಬಿತ್ತು. ಹೊಸ ಸರ್ಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡದ ಪಾದ್ರಿಗಳ ಪ್ರಾಣಕ್ಕೆ ಭದ್ರತೆಯಿರಲಿಲ್ಲ. ದುಬಾಯ್ ಅವರು ಆ ಹತ್ಯಾಕಾಂಡದಿಂದ ಪಾರಾಗಿ ಬಂದವರೆಂದು ಅವರನ್ನು ಬಲ್ಲ ಇಂಗ್ಲಿಷ್ ಅಧಿಕಾರಿಗಳು ನಂಬಿದ್ದರು. ಅದು ಹೇಗೇ ಇರಲಿ, ಅವರು ತಾಯ್ನಾಡನ್ನು ಮತ್ತೆ ಕಂಡುದು ಮೂವತ್ತು ವರ್ಷಗಳ ಅನಂತರವೇ. ಪರನಾಡಿನಲ್ಲಿ ನೆಲೆಯನ್ನು ಅರಸಿ ಬಾಳುವುದೆಂದರೆ ಏನೆಂಬುದು ಅವರಿಗೆ ಸ್ವಾನುಭವದಿಂದ ತಿಳಿದಿತ್ತು.

ಮನೆಯಿಲ್ಲದವನಿಗೆ ಮನೆಯ ಬಾಗಿಲನ್ನು ತೆರೆಯುವುದು ಕ್ರೈಸ್ತಧರ್ಮದ ಮುಖ್ಯ ಬೋಧನೆಗಳಲ್ಲಿ ಒಂದು. ಶಿಶು ಏಸುವೇ ತಂದೆತಾಯಿಗಳೊಡನೆ ಈಜಿಪ್ಟಿಗೆ ಓಡಿ, ಅಲ್ಲಿ ಆಶ್ರಯ ಪಡೆದನೆಂಬುದು ಆ ಧರ್ಮದ ಕಥೆ. ದುಬಾಯ್ ಅವರು ಈ ಬೋಧನೆಯನ್ನು ಬಾಯಿಮಾತಿನಲ್ಲಿ ಉಳಿಸಲಿಲ್ಲ. ಶ್ರೀರಂಗಪಟ್ಟಣದಲ್ಲಿ ಚದುರಿಹೋಗಿದ್ದ ಕ್ರೈಸ್ತ ಸಮುದಾಯವನ್ನು ಒಂದುಗೂಡಿಸಿದರು. ಬಲಾತ್ಕಾರದಿಂದ ಮತವನ್ನು ಬಿಟ್ಟಿದ್ದವರು ಹಿಂದಿರುಗಿದಾಗ ಅವರನ್ನು ಆದರದಿಂದ ಸೇರಿಸಿಕೊಂಡರು. ತಾವೂ ಜನರಲ್ಲಿ ಒಬ್ಬರಾದರು. ಯುರೋಪಿನ ಉಡುಪನ್ನು ತೊರೆದು ಬಿಳಿಯ ಅಂಗಿ, ಮುಂಡಾಸುಗಳನ್ನು ಧರಿಸಿದರು. ಈ ನಾಡಿನವರ ಊಟವನ್ನೇ ಉಂಡರು. ಜನರು ಅವರನ್ನು ಪ್ರೀತಿಯಿಂದ ದೊಡ್ಡಸ್ವಾಮಿಯವರೆಂದು ಕರೆದರು.

ಆಶ್ರಯವೆಂದರೆ ಒಂದು ಹೊತ್ತಿನ ಅನ್ನವನ್ನು ಇಕ್ಕಿ ಕಳುಹಿಸುವುದಲ್ಲ. ಭಿಕ್ಷೆಯಿಂದ ಬದುಕುವವನು ನಾಳೆ ಮತ್ತೆ ಕೈಯೊಡ್ಡಬೇಕಾಗುತ್ತದೆ. ಉಳಲು ನೆಲವಿದ್ದವನು ತಲೆಯೆತ್ತಿ ಬಾಳುತ್ತಾನೆ. ಇದನ್ನು ಅರಿತ ದುಬಾಯ್ ಅವರು ಬಡವರಿಗಾಗಿ ಬೇಸಾಯದ ನೆಲೆಗಳನ್ನು ಏರ್ಪಡಿಸಿದರು. ಹಾಸನದ ಸಮೀಪದ ಸಾತಳ್ಳಿ ಇವುಗಳಲ್ಲಿ ಹೆಸರಾದುದು. ನೆಲೆಯಿಲ್ಲದೆ ಅಲೆದವರು ಅಲ್ಲಿ ರೈತರಾದರು.

ಆ ಕಾಲದಲ್ಲಿ ಯುದ್ಧಕ್ಕಿಂತಲೂ ಭೀಕರವಾಗಿದ್ದ ಇನ್ನೊಂದು ಶತ್ರು ಸಿಡುಬು. ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ ದೇವಿ ಹಾಕುವ ವಿಧಾನವನ್ನು 1798ರಲ್ಲಿ ಪ್ರಕಟಿಸಿದ್ದನು. ಆ ಲಸಿಕೆ 1802ರಲ್ಲಿ ಭಾರತವನ್ನು ಮುಟ್ಟಿತು. ಹೊಸದಾದ ಈ ಚಿಕಿತ್ಸೆಗೆ ಮೈಯೊಡ್ಡಲು ಜನರು ಅಂಜುತ್ತಿದ್ದರು. ಆದರೆ ದೊಡ್ಡಸ್ವಾಮಿಯವರ ಮಾತಿನಲ್ಲಿ ಅವರಿಗೆ ವಿಶ್ವಾಸವಿತ್ತು. 1803–04ರಲ್ಲಿ ಅವರ ಪ್ರಯತ್ನದಿಂದ 25,432 ಜನರಿಗೆ ದೇವಿ ಹಾಕಲಾಯಿತು.

ಹೊರಜಗತ್ತು ದುಬಾಯ್ ಅವರನ್ನು ಬಲ್ಲುದು ಹಿಂದೂಗಳ ಆಚಾರವಿಚಾರಗಳನ್ನು ಕುರಿತ ಗ್ರಂಥದಿಂದ. ಅದರ ಹಸ್ತಪ್ರತಿಯನ್ನು ಮದರಾಸಿನ ಸರ್ಕಾರವು 1807ರಲ್ಲಿ ಎರಡು ಸಾವಿರ ವರಹಗಳಿಗೆ ಕೊಂಡಿತು. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಯಿತು. ಗ್ರಂಥದ ಬಹುಭಾಗಕ್ಕೆ ಅವರಿಗಿಂತ ಹಿಂದಿನ ಕರ್ದೂ ಎಂಬ ಫ್ರೆಂಚ್ ಪಾದ್ರಿಯ ಬರಹವೇ ಆಧಾರವೆಂದು ಇತ್ತೀಚಿನ ಸಂಶೋಧಕರು ತೋರಿಸಿದ್ದಾರೆ. ನಮ್ಮ ಜನರನ್ನು ಕುರಿತು ಅದರಲ್ಲಿ ಬರುವ ಕಟುವಾದ ತೀರ್ಮಾನಗಳನ್ನೆಲ್ಲ ಒಪ್ಪಬೇಕಾಗಿಯೂ ಇಲ್ಲ.

ಸೋಜಿಗವೆಂದರೆ, ದುಬಾಯ್ ಅವರು ತಮ್ಮ ಬಾಳು ವಿಫಲವಾಯಿತೆಂದೇ ಬಗೆದರು. 1823ರ ಜನವರಿಯಲ್ಲಿ ಅವರು ಭಾರತವನ್ನು ಬಿಟ್ಟರು. ಅದೇ ವರ್ಷ ಪ್ರಕಟವಾದ ಪತ್ರಗಳಲ್ಲಿ, ಇಷ್ಟು ದೀರ್ಘಕಾಲ ದುಡಿದರೂ ತಾವು ಕ್ರೈಸ್ತಮತಕ್ಕೆ ತಂದವರು ಇನ್ನೂರು ಮುನ್ನೂರಕ್ಕೆ ಮೀರಲಿಲ್ಲವೆಂದೂ, ಅವರಲ್ಲಿ ಹೆಚ್ಚಿನವರು ಕುಲದಿಂದ ಹೊರಬಿದ್ದ, ಗತಿಯಿಲ್ಲದ ಬಡವರೆಂದೂ ನಿರಾಶೆಯಿಂದ ಒಪ್ಪಿಕೊಂಡರು. ಸ್ವಂತ ಸೋಲನ್ನು ಇಷ್ಟು ನೇರವಾಗಿ ಹೇಳಿಕೊಂಡವರು ವಿರಳ. ಮುಂದೆ ಅವರು ಪ್ಯಾರಿಸಿನಲ್ಲಿ ತಮ್ಮ ಧರ್ಮಸಂಸ್ಥೆಯ ಮುಖ್ಯಸ್ಥರಾದರು. ನಮ್ಮ ಪಂಚತಂತ್ರದ ಕಥೆಗಳನ್ನು ಫ್ರೆಂಚ್ ಭಾಷೆಗೆ ತಂದರು. 1848ರಲ್ಲಿ ಅಲ್ಲಿಯೇ ನಿಧನರಾದರು.

ಮತಕ್ಕೆ ಸೇರಿದವರ ತಲೆಗಳನ್ನು ಎಣಿಸಿದರೆ ಅವರ ಲೆಕ್ಕ ಸರಿಯೇ ಇರಬಹುದು. ಆದರೆ ಗತಿಯಿಲ್ಲದವರು ಅವರ ಬಾಗಿಲಿಗೆ ಏಕೆ ಬಂದರು? ಬೇರೆ ಬಾಗಿಲುಗಳು ಮುಚ್ಚಿದ್ದುವು. ಅವರ ಬಾಗಿಲು ತೆರೆದಿತ್ತು. ಅವರು ಸೋಲೆಂದು ಬರೆದಿಟ್ಟ ಮಾತೇ ಅವರ ಔದಾರ್ಯಕ್ಕೆ ಸಾಕ್ಷಿಯಾಗಿದೆ. ಕೊಡಗಿನ ಅರಸನು ಅನ್ಯಮತೀಯರಿಗೆ ನೆಲೆಯಿತ್ತನು. ಪರದೇಶದ ಪಾದ್ರಿ ನಮ್ಮ ನೆಲದ ಅನಾಥರಿಗೆ ನೆಲೆಯಾದನು. ಮತಗಳು ಬೇರೆಯಾದರೂ ಇಬ್ಬರೂ ಮಾಡಿದ ಧರ್ಮಕಾರ್ಯ ಒಂದೇ.