ಬಡಗಿಯ ಮಗ ವಾನ್ ಡರ್ ವಾಲ್ಸ್

ರಸಾಯನಶಾಸ್ತ್ರದಲ್ಲಿ ನಮ್ಮನ್ನು ಕಾಡುವ ಸಮೀಕರಣಗಳಲ್ಲಿ ವಾನ್ ಡರ್ ವಾಲ್ಸ್ ಅವರದೂ ಒಂದು. ಅದರಲ್ಲಿರುವ ಎ, ಬಿ ಎಂಬ ಸ್ಥಿರಾಂಕಗಳ ಹಿಂದಿನ ಮನುಷ್ಯನ ಬಗ್ಗೆ ಓದಿದ ಮೇಲೆ ನನಗೆ ಆ ಪಾಠ ಇಷ್ಟವಾಗತೊಡಗಿತು. ಅದಕ್ಕೇ ಈ ಲೇಖನ.

ಯೋಹಾನೆಸ್ ಡಿಡೆರಿಕ್ ವಾನ್ ಡರ್ ವಾಲ್ಸ್ ಹುಟ್ಟಿದ್ದು 1837ರಲ್ಲಿ, ನೆದರ್‌ಲ್ಯಾಂಡ್ಸ್‌ನ ಲೈಡನ್ ನಗರದಲ್ಲಿ. ತಂದೆ ಬಡಗಿ. ಹತ್ತು ಮಕ್ಕಳಲ್ಲಿ ಇವರೇ ಹಿರಿಯರು. ಓದು ಬೇಗ ನಿಂತಿತು, ಪ್ರಾಥಮಿಕ ಶಾಲೆಯ ಮೇಷ್ಟ್ರಾದರು. ಆದರೂ ಬಿಡುವಿದ್ದಾಗ ಲೈಡನ್ ವಿಶ್ವವಿದ್ಯಾಲಯಕ್ಕೆ ಹೋಗಿ ಪಾಠ ಕೇಳುತ್ತಿದ್ದರು. ಪಾಠ ಕೇಳಬಹುದಿತ್ತು, ಪರೀಕ್ಷೆ ಬರೆಯುವಂತಿರಲಿಲ್ಲ. ಅದಕ್ಕೆ ಲ್ಯಾಟಿನ್ ಮತ್ತು ಗ್ರೀಕ್ ಕಲಿತಿರಬೇಕಿತ್ತು. ಭೌತಶಾಸ್ತ್ರಕ್ಕೂ ಗ್ರೀಕಿಗೂ ಏನು ಸಂಬಂಧವೋ! ಕೊನೆಗೆ ವಿಜ್ಞಾನದ ವಿದ್ಯಾರ್ಥಿಗಳಿಗೆ ಆ ನಿಯಮ ಸಡಿಲವಾಯಿತು. 1873ರಲ್ಲಿ, 35ನೇ ವಯಸ್ಸಿನಲ್ಲಿ, ಅವರಿಗೆ ಡಾಕ್ಟರೇಟ್ ಸಿಕ್ಕಿತು.

ಆ ಪ್ರಬಂಧವೇ ನಮ್ಮ ಪಾಠದ ಬೇರು. ಆದರ್ಶ ಅನಿಲದ ಅಣುಗಳಿಗೆ ಗಾತ್ರವಿಲ್ಲ, ಅವು ಒಂದನ್ನೊಂದು ಸೆಳೆಯುವುದೂ ಇಲ್ಲ ಎಂದು ನಾವು ಕಲಿಯುತ್ತೇವೆ. ಸೆಳೆತವೇ ಇಲ್ಲದಿದ್ದರೆ ಅನಿಲ ದ್ರವವಾಗುವುದು ಹೇಗೆ? ಇಂಗಾಲದ ಡೈಆಕ್ಸೈಡ್ ಸುಮಾರು 31 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಒತ್ತಿದರೆ ದ್ರವವಾಗುತ್ತದೆ, ಅದಕ್ಕಿಂತ ಮೇಲೆ ಎಷ್ಟು ಒತ್ತಿದರೂ ಆಗದು ಎಂದು ಥಾಮಸ್ ಆಂಡ್ರ್ಯೂಸ್ 1869ರಲ್ಲೇ ತೋರಿಸಿದ್ದರು. ವಾನ್ ಡರ್ ವಾಲ್ಸ್ ಇದಕ್ಕೆ ಕಾರಣ ಕೊಟ್ಟರು. ಪಾತ್ರೆಯ ಗೋಡೆಗೆ ಬಡಿಯಲು ಹೊರಟ ಅಣುವನ್ನು ಉಳಿದ ಅಣುಗಳು ಒಳಕ್ಕೆ ಎಳೆಯುತ್ತವೆ, ಪೆಟ್ಟು ಮೆತ್ತಗಾಗುತ್ತದೆ. ಹೀಗೆ ತಗ್ಗಿದ ಒತ್ತಡವನ್ನು ಸರಿದೂಗಿಸಲು ಎ. ಅಣುಗಳೇ ಒಂದಿಷ್ಟು ಜಾಗ ಹಿಡಿಯುವುದರಿಂದ ಓಡಾಡಲು ಉಳಿಯುವ ಗಾತ್ರ ಕಡಿಮೆ. ಅದನ್ನು ಕಳೆಯಲು ಬಿ. ಒತ್ತಡ ಕಡಿಮೆಯಾಗಿ ತಾಪ ಹೆಚ್ಚಿದ್ದರೆ ಅಣುಗಳು ದೂರ ದೂರ, ಎರಡೂ ತಿದ್ದುಪಡಿ ನಗಣ್ಯ. ಆಗ ನೈಜ ಅನಿಲವೂ ಆದರ್ಶ ಅನಿಲದಂತೆಯೇ. ಅಣುಗಳು ನಿಜವಾಗಿ ಇವೆಯೇ ಎಂದು ದೊಡ್ಡ ವಿಜ್ಞಾನಿಗಳೇ ಅನುಮಾನಿಸುತ್ತಿದ್ದ ಕಾಲದಲ್ಲಿ ಇವರು ಅವುಗಳ ಗಾತ್ರವನ್ನೂ ಲೆಕ್ಕಕ್ಕೆ ತಂದರು. ನನಗೆ ಮೆಚ್ಚುಗೆಯಾದದ್ದು ಈ ಧೈರ್ಯ.

1877ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಪ್ರಾಧ್ಯಾಪಕರಾದರು. 1881ರಲ್ಲಿ ಪತ್ನಿ ಆನಾ ಕ್ಷಯದಿಂದ ತೀರಿಕೊಂಡರು. ನಾಲ್ಕು ಮಕ್ಕಳು. ಆ ದುಃಖದಲ್ಲಿ ಸುಮಾರು ಹತ್ತು ವರ್ಷ ಅವರು ಏನನ್ನೂ ಪ್ರಕಟಿಸಲಿಲ್ಲ. ಆಮೇಲೆ ಮತ್ತೆ ಬರೆದರು.

1910ರಲ್ಲಿ ನೊಬೆಲ್ ಬಂತು, ಅದೂ ಭೌತಶಾಸ್ತ್ರಕ್ಕೆ. ನಮಗೆ ಪ್ರಶ್ನೆ ಬರುವುದು ಮಾತ್ರ ರಸಾಯನಶಾಸ್ತ್ರದಲ್ಲಿ! ಅದಕ್ಕೆ ಎರಡು ವರ್ಷ ಮೊದಲು, ಅವರ ಸಿದ್ಧಾಂತವನ್ನೇ ದಾರಿದೀಪ ಮಾಡಿಕೊಂಡು ಕಾಮರ್ಲಿಂಗ್ ಓನ್ಸ್ ಹೀಲಿಯಂ ಅನ್ನು ಸುಮಾರು ಮೈನಸ್ 269 ಡಿಗ್ರಿಯಲ್ಲಿ ದ್ರವವಾಗಿಸಿದ್ದರು. ಅದು ನಡೆದದ್ದು ಲೈಡನ್‌ನಲ್ಲಿ, ವಾನ್ ಡರ್ ವಾಲ್ಸ್‌ಗೆ ಒಮ್ಮೆ ಪರೀಕ್ಷೆ ಬರೆಯಲು ಬಿಡದ ಅದೇ ವಿಶ್ವವಿದ್ಯಾಲಯದಲ್ಲಿ.