ಅನಾಥರ ತಂದೆಯಾದ ಯೊಹಾನ್ನೆಸ್ ಫಾಲ್ಕ್

ಯೊಹಾನ್ನೆಸ್ ಫಾಲ್ಕರು 1768ನೆಯ ಇಸವಿಯಲ್ಲಿ ದಾನ್‌ಜಿಗ್ ಪಟ್ಟಣದ ಬಡ ಮನೆಯೊಂದರಲ್ಲಿ ಹುಟ್ಟಿದರು. ಪಟ್ಟಣದ ಹಿರಿಯರು ಇವರ ವಿದ್ಯಾಭ್ಯಾಸಕ್ಕೆ ಹಣಕೊಟ್ಟು, ಮುಂದೆ ಬಡಮಕ್ಕಳು ಬಾಗಲಿಗೆ ಬಂದಾಗ ಈ ಸಾಲವನ್ನು ಅವರಿಗೆ ತೀರಿಸಬೇಕೆಂದು ಹೇಳಿ ಕಳುಹಿಸಿದರಂತೆ.

ಇವರು ಜರ್ಮನಿಯ ವೈಮಾರ್ ಪಟ್ಟಣದಲ್ಲಿ ಗ್ರಂಥಕರ್ತರಾಗಿ ಸಂಸಾರಸಮೇತ ವಾಸಿಸುತ್ತಿರಲು, 1813ರಲ್ಲಿ ನೆಪೋಲಿಯನನ ಯುದ್ಧದೊಡನೆ ಸೋಂಕುಜ್ವರವೂ ಊರನ್ನು ಹೊಕ್ಕಿತು. ಆ ಒಂದೇ ವರ್ಷದಲ್ಲಿ ಇವರ ನಾಲ್ಕು ಮಂದಿ ಮಕ್ಕಳು ತೀರಿಹೋದರು. ಬೀದಿಗಳಲ್ಲಿಯಾದರೋ ಯುದ್ಧದಿಂದ ದಿಕ್ಕಿಲ್ಲದವರಾದ ಮಕ್ಕಳು ಅಲೆಯುತ್ತಿದ್ದರು. ಫಾಲ್ಕರೂ ಅವರ ಪತ್ನಿ ಕರೋಲೀನಮ್ಮನವರೂ ಶೋಕದ ಮನೆಯ ಬಾಗಲನ್ನು ಮುಚ್ಚದೆ ಆ ಮಕ್ಕಳನ್ನು ಒಳಗೆ ಸೇರಿಸಿಕೊಂಡರು. ಆ ವರ್ಷವೇ ಸ್ನೇಹಿತರೊಡನೆ ಆಪತ್ಕಾಲದ ಮಿತ್ರರೆಂಬ ಸಂಘವೂ ಹುಟ್ಟಿತು.

ಸಂಘವು ಅನ್ನವಸ್ತ್ರಗಳನ್ನು ಕೊಟ್ಟು ಸುಮ್ಮನಾಗಲಿಲ್ಲ. ನೂರಾರು ಮಕ್ಕಳನ್ನು ಕಸಬುದಾರರ ಬಳಿ ಇರಿಸಿ ಕೆಲಸ ಕಲಿಸಿತು. ಅವರಿಗೆ ಓದುಬರಹವನ್ನೂ ದೇವರ ವಾಕ್ಯವನ್ನೂ ಬೋಧಿಸಿತು. ಮುಂದೆ ಲೂಥರನ ಹೆಸರಿನ ಆಶ್ರಯಗೃಹವನ್ನು ಆ ಹುಡುಗರೇ ಕೈಯಾರೆ ಕಟ್ಟಿದರು. ಅಷ್ಟರೊಳಗೆ ಫಾಲ್ಕರು ಮತ್ತಿಬ್ಬರು ಮಕ್ಕಳನ್ನು ಮಣ್ಣಿಗೆ ಒಪ್ಪಿಸಿದರೂ ಕೈಹಿಡಿದ ಕೆಲಸವನ್ನು ಬಿಡಲಿಲ್ಲ. 1826ರಲ್ಲಿ ಕರ್ತನಲ್ಲಿ ನಿದ್ರೆಹೋದರು. ಈ ಅನಾಥರಿಗಾಗಿ ಅವರು ರಚಿಸಿದ ಕ್ರಿಸ್ಮಸ್ ಗೀತವನ್ನು ಜರ್ಮನಿಯ ಸಭೆಗಳು ಇಂದಿಗೂ ಹಾಡುತ್ತವೆ.

ಪ್ರಿಯರೇ, ಮಗುವನ್ನು ಕಳಕೊಂಡ ಮನೆಗಳು ನಮ್ಮ ಸಭೆಗಳಲ್ಲಿಯೂ ಉಂಟು. ತಾಯಿತಂದೆಗಳನ್ನು ಕಳಕೊಂಡ ಮಕ್ಕಳೂ ಉಂಟು. ದೇವರು ಇವರಿಬ್ಬರನ್ನೂ ಒಂದೇ ಊರಿನಲ್ಲಿ ಇಟ್ಟಿರುವುದು ವ್ಯರ್ಥಕ್ಕಲ್ಲ.