ಕ್ಲೀವ್‌ಲೆಂಡರ ಮನೆಯ ಗುಟ್ಟು, ಮೈಯ ಗುಟ್ಟು

ಓಟು ಕೇಳಲು ಬರುವವರ ಮನೆವಾರ್ತೆಯನ್ನೂ ಕಾಯಿಲೆಯನ್ನೂ ಮತದಾರರು ವಿಚಾರಿಸಬಹುದೆ? ನಮ್ಮ ದೇಶದಲ್ಲಿ ಈಗ ಅಭ್ಯರ್ಥಿಯು ತನ್ನ ಮತ್ತು ಮನೆಯವರ ಆಸ್ತಿ, ಸಾಲ, ತನ್ನ ಮೇಲಿನ ಕ್ರಿಮಿನಲ್ ಕೇಸು, ವಿದ್ಯಾಭ್ಯಾಸ ಇವಿಷ್ಟನ್ನು ನಾಮಪತ್ರದ ಜೊತೆ ಬರೆದುಕೊಡಬೇಕು. ಆರೋಗ್ಯಕ್ಕೆ ಅದರಲ್ಲಿ ಅಂಕಣವಿಲ್ಲ. ಉಳಿದದ್ದನ್ನು ಚಾದಂಗಡಿಯಲ್ಲಿ ಕುಳಿತು ನಾವೇ ತುಂಬಿಸಿಕೊಳ್ಳುತ್ತೇವೆ. ಈ ಪ್ರಶ್ನೆಯ ಎರಡು ಮುಖಗಳೂ ಒಬ್ಬರ ಬಾಳಿನಲ್ಲೇ ಎದುರಾದುದನ್ನು ಕಾಣಬೇಕಿದ್ದರೆ ಅಮೆರಿಕದ ಅಧ್ಯಕ್ಷರಾಗಿದ್ದ ಗ್ರೋವರ್ ಕ್ಲೀವ್‌ಲೆಂಡರ ಚರಿತ್ರೆಯನ್ನು ನೋಡಬೇಕು.

ಅವರು ಹುಟ್ಟಿದ್ದು 1837ರಲ್ಲಿ, ನ್ಯೂಜೆರ್ಸಿಯ ಒಬ್ಬ ಬಡ ಪಾದ್ರಿಯ ಮನೆಯಲ್ಲಿ. ಹದಿನಾರರಲ್ಲಿ ತಂದೆ ತೀರಿಕೊಂಡರು. ಕಾಲೇಜಿನ ಆಸೆ ಅಲ್ಲಿಗೆ ಮುಗಿಯಿತು. ಬಫಲೊ ನಗರದ ವಕೀಲರೊಬ್ಬರ ಕಚೇರಿಯಲ್ಲಿ ದುಡಿಯುತ್ತಲೇ ಕಾನೂನು ಕಲಿತು 1859ರಲ್ಲಿ ವಕೀಲರಾದರು. ಮುಂದೆ ಆ ಜಿಲ್ಲೆಯ ಷೆರೀಫರಾಗಿ, 1882ರಲ್ಲಿ ಬಫಲೊದ ಮೇಯರಾಗಿ, ಮರುವರ್ಷವೇ ನ್ಯೂಯಾರ್ಕ್ ರಾಜ್ಯದ ಗವರ್ನರರಾಗಿ ಏರಿದರು. ಕಂಟ್ರಾಕ್ಟುದಾರರ ದುಬಾರಿ ಬಿಲ್ಲುಗಳನ್ನು ಮುಲಾಜಿಲ್ಲದೆ ತಿರಸ್ಕರಿಸಿದ ಪ್ರಾಮಾಣಿಕರೆಂಬ ಹೆಸರೇ ಅವರನ್ನು 1884ರಲ್ಲಿ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಪದವಿಯ ಅಭ್ಯರ್ಥಿಯನ್ನಾಗಿ ಮಾಡಿತು.

ಅಭ್ಯರ್ಥಿಯಾದ ಕೆಲವೇ ದಿನಗಳಲ್ಲಿ ಬಫಲೊದ ಪತ್ರಿಕೆಯೊಂದು ಹಳೆಯ ಕಥೆಯನ್ನು ಹೊರಗೆಳೆಯಿತು. ಅವಿವಾಹಿತರಾದ ಕ್ಲೀವ್‌ಲೆಂಡರಿಗೂ ಮರಿಯಾ ಹಾಲ್ಪಿನ್ ಎಂಬ ವಿಧವೆಗೂ ಸಂಬಂಧವಿತ್ತು, 1874ರಲ್ಲಿ ಗಂಡು ಮಗುವೂ ಆಗಿತ್ತು ಎಂಬುದು ಸುದ್ದಿ. ಗಾಬರಿಗೊಂಡ ಮಿತ್ರರಿಗೆ ಅವರು ತಂತಿ ಕಳುಹಿಸಿ, ನಿಜವನ್ನೇ ಹೇಳುವಂತೆ ತಿಳಿಸಿದರು. ಸಂಬಂಧವನ್ನೂ ಮಗುವಿಗೆ ಖರ್ಚು ಕೊಟ್ಟದ್ದನ್ನೂ ಅಲ್ಲಗಳೆಯಲಿಲ್ಲ. ಬೀದಿಬೀದಿಗಳಲ್ಲಿ ಲೇವಡಿಯ ಹಾಡು ಹುಟ್ಟಿತು. ಆದರೂ ಜನ ಅವರನ್ನು ಗೆಲ್ಲಿಸಿದರು. ನಿರ್ಣಾಯಕವಾದ ನ್ಯೂಯಾರ್ಕ್ ರಾಜ್ಯದಲ್ಲಿ ಅಂತರ ಸಾವಿರ ಚಿಲ್ಲರೆ ಮತಗಳು ಮಾತ್ರ.

ಈ ಸತ್ಯವಂತಿಕೆಯನ್ನು ಬಹಳ ಮಂದಿ ಹೊಗಳಿದ್ದಾರೆ. ಆ ಹೊಗಳಿಕೆಗೆ ನಾವು ಪೂರ್ತಿ ತಲೆದೂಗಲಾರೆವು. ಮಗುವನ್ನು ತಾಯಿಯಿಂದ ಬೇರ್ಪಡಿಸಿ ಅನಾಥಾಲಯಕ್ಕೆ ಸೇರಿಸಲಾಗಿತ್ತು. ಆಕೆಯನ್ನು ಹುಚ್ಚಾಸ್ಪತ್ರೆಗೆ ಒಯ್ದಿದ್ದರು, ಅಲ್ಲಿಯ ವೈದ್ಯರು ಬೇಗನೆ ಬಿಟ್ಟುಕೊಟ್ಟರು. ಚುನಾವಣೆಗೆ ಸ್ವಲ್ಪ ಮೊದಲು, ತನ್ನ ಮೇಲೆ ಬಲಾತ್ಕಾರ ನಡೆದಿತ್ತೆಂದು ಆಕೆ ಪ್ರಮಾಣಪತ್ರ ಬರೆದುಕೊಟ್ಟಳು. ಕ್ಲೀವ್‌ಲೆಂಡರ ಕಡೆಯವರು ಆಕೆಯ ನಡತೆಗೇ ಮಸಿ ಬಳಿದರು. ಮಲಗುವ ಕೋಣೆಯ ವಿಚಾರವನ್ನು ಕೆದಕಬಾರದು, ಸರಿ. ಆದರೆ ಊರಿನಲ್ಲಿ ಕಾನೂನು ಕಾಯುವ ಅಧಿಕಾರಿಯಾಗಿದ್ದವರು ದಿಕ್ಕಿಲ್ಲದ ಹೆಂಗಸೊಂದಿಗೆ ಹೇಗೆ ನಡೆದುಕೊಂಡರು ಎಂಬುದು ಬರಿಯ ಮನೆವಾರ್ತೆಯೆ?

ಅದೇ ಚುನಾವಣೆಯಲ್ಲಿ ಎದುರಾಳಿ ಬ್ಲೇನರ ಮನೆಯ ಗುಟ್ಟೂ ಮಾರಾಟಕ್ಕೆ ಬಂತು. ಮದುವೆಯಾದ ಮೂರು ತಿಂಗಳಿಗೇ ಅವರ ಮೊದಲ ಮಗು ಹುಟ್ಟಿತ್ತೆಂಬ ಕಾಗದಗಳು ಕ್ಲೀವ್‌ಲೆಂಡರ ಕೈಸೇರಿದವು. ಅವರು ಅದನ್ನು ಹರಿದು ಬೆಂಕಿಗೆ ಹಾಕಿಸಿದರೆಂದು ಚರಿತ್ರಕಾರರು ಬರೆಯುತ್ತಾರೆ. ದಂಪತಿಗಳಿಬ್ಬರ ಆ ವಿಷಯದಿಂದ ಯಾರಿಗೂ ಅನ್ಯಾಯವಾಗಿರಲಿಲ್ಲ. ಕ್ಲೀವ್‌ಲೆಂಡರು ಮಾಡಿದ್ದೇ ಸರಿ. ಬೇರೊಂದು ಪತ್ರಿಕೆ ಅದನ್ನು ಅಚ್ಚುಹಾಕಿಯೇ ಬಿಟ್ಟಿತೆನ್ನಿ.

1886ರಲ್ಲಿ ಅವರು ತೀರಿಹೋದ ಗೆಳೆಯನ ಮಗಳು, 21 ವರ್ಷದ ಫ್ರಾನ್ಸಿಸ್ ಫೋಲ್ಸಮ್‌ಳನ್ನು ಶ್ವೇತಭವನದಲ್ಲೇ ಮದುವೆಯಾದರು. 1888ರ ಚುನಾವಣೆಯಲ್ಲಿ ಅವರು ಹೆಂಡತಿಯನ್ನು ಹೊಡೆಯುತ್ತಾರೆಂಬ ಗಾಳಿಸುದ್ದಿ ಹಬ್ಬಿ, ಆಕೆಯೇ ಪತ್ರ ಬರೆದು ನಿರಾಕರಿಸಬೇಕಾಯಿತು. ಆ ಸಲ ಹೆಚ್ಚು ಮತ ಪಡೆದೂ ಸೋತ ಅವರು 1892ರಲ್ಲಿ ಮತ್ತೆ ಗೆದ್ದರು. ಬಿಟ್ಟು ಬಿಟ್ಟು ಎರಡು ಬಾರಿ ಅಧ್ಯಕ್ಷರಾದವರು 2025ರವರೆಗೂ ಅವರೊಬ್ಬರೇ.

ಎರಡನೆಯ ಬಾರಿ ಅಧಿಕಾರಕ್ಕೆ ಬಂದಾಗ ದೇಶದಲ್ಲಿ ಬ್ಯಾಂಕುಗಳು ಮುಳುಗುತ್ತಿದ್ದವು. ಸರಕಾರವು ಬೆಳ್ಳಿ ಕೊಳ್ಳುವ ಕಾಯಿದೆಯನ್ನು ರದ್ದುಪಡಿಸಬೇಕೆಂದು ಕ್ಲೀವ್‌ಲೆಂಡರ ಹಟ. ಉಪಾಧ್ಯಕ್ಷ ಸ್ಟೀವನ್‌ಸನ್ನರೋ ಬೆಳ್ಳಿಯ ಪಕ್ಷದವರು. ಅಷ್ಟರಲ್ಲಿ ಅಧ್ಯಕ್ಷರ ಅಂಗುಳಿನಲ್ಲಿ ಹುಣ್ಣು ಕಾಣಿಸಿತು. ವೈದ್ಯರು ಕ್ಯಾನ್ಸರೆಂದರು. 1893ರ ಜುಲೈ 1ರಂದು ಗೆಳೆಯನ ಒನೈಡಾ ಎಂಬ ವಿಹಾರನೌಕೆಯಲ್ಲಿ, ಕಡಲಿನ ನಡುವೆ, ಗುಟ್ಟಾಗಿ ಶಸ್ತ್ರಚಿಕಿತ್ಸೆ ನಡೆಯಿತು. ಎಡಗಡೆಯ ಮೇಲ್ದವಡೆಯ ದೊಡ್ಡ ಭಾಗವನ್ನೇ ಬಾಯಿಯೊಳಗಿನಿಂದ ತೆಗೆದರು. ಮುಖದ ಮೇಲೆ ಗಾಯವಿಲ್ಲ, ಮೀಸೆ ಇದ್ದಂತೆಯೇ ಇತ್ತು. ಆ ಪೊಳ್ಳಿಗೆ ರಬ್ಬರಿನ ತುಂಡೊಂದನ್ನು ಕೂರಿಸಿದ ಮೇಲೆ ಮಾತೂ ಮೊದಲಿನಂತಾಯಿತು. ಜನರಿಗೆ ಹೇಳಿದ್ದು ಹಲ್ಲುನೋವು, ವಾತದ ಬೇನೆ ಎಂದು.

ಆಗಸ್ಟ್ 29ರಂದು ಫಿಲಡೆಲ್ಫಿಯಾದ ಪತ್ರಿಕೆಯಲ್ಲಿ ಎಡ್ವರ್ಡ್ಸ್ ಎಂಬ ವರದಿಗಾರ ಇದನ್ನೆಲ್ಲ ಬಹುಮಟ್ಟಿಗೆ ಸರಿಯಾಗಿಯೇ ಬರೆದ. ಅಧ್ಯಕ್ಷರ ಕಡೆಯವರು ಅದು ಕಟ್ಟುಕಥೆಯೆಂದು ಸಾರಿದರು. ಇತರ ಪತ್ರಿಕೆಗಳೂ ಅವನನ್ನೇ ಸುಳ್ಳುಗಾರನೆಂದು ಹಳಿದವು. ಪೇಟೆ ಕುಸಿಯದಿರಲೆಂದು ಮುಚ್ಚಿಟ್ಟೆವೆಂಬ ಸಮಾಧಾನವಿದೆ. ಕೆಲವು ವಾರಗಳ ಮೌನವನ್ನಾದರೂ ನಾವು ಒಪ್ಪಬಹುದು. ನಿಜ ಹೇಳಿದವನ ಹೆಸರು ಕೆಡಿಸಿದ್ದನ್ನು ಒಪ್ಪಲಾಗದು. ಅಧ್ಯಕ್ಷರು ತೀರಿಕೊಂಡರೆ ದೇಶದ ಹಣದ ನೀತಿಯೇ ಬದಲಾಗುವಂತಿದ್ದಾಗ, ಆ ದವಡೆ ಅವರೊಬ್ಬರದೇ ಆಗಿ ಉಳಿದಿರಲಿಲ್ಲ.

ಕ್ಲೀವ್‌ಲೆಂಡರು ಇನ್ನೂ ಹದಿನೈದು ವರ್ಷ ಬಾಳಿ 1908ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ನಿಧನರಾದರು. ಅವರಿಂದ ತೆಗೆದ ಗಡ್ಡೆ ಫಿಲಡೆಲ್ಫಿಯಾದ ವೈದ್ಯಕೀಯ ವಸ್ತುಸಂಗ್ರಹಾಲಯದಲ್ಲಿದೆ. ಶಸ್ತ್ರಚಿಕಿತ್ಸೆಯಲ್ಲಿ ಪಾಲ್ಗೊಂಡಿದ್ದ ಡಾ. ಕೀನ್ 1917ರಲ್ಲಿ ಎಲ್ಲವನ್ನೂ ಬರೆದು ಪ್ರಕಟಿಸಿದರು. ಎಡ್ವರ್ಡ್ಸ್ ಆಗ ಇನ್ನೂ ಬದುಕಿದ್ದ. 24 ವರ್ಷಗಳ ಮೇಲೆ ಅವನ ಕಳಂಕ ತೊಳೆಯಿತು. ಮರಿಯಾ ಹಾಲ್ಪಿನ್ 1902ರಲ್ಲೇ ತೀರಿಹೋಗಿದ್ದಳು.